ಕರಾವಳಿಯಲ್ಲಿ ಕೂತು ಜಪಾನಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಂಗಳೂರಿನಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವ ಹೊತ್ತಿನಲ್ಲಿ, ಯಾವ ಕ್ಲಾಸಿಗೂ ಸೇರದೆ, ಮೊಬೈಲಿನಲ್ಲೇ ಜಪಾನಿ ಕಲಿತೆ. ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್4 ಮಟ್ಟ ಮುಗಿದಿದೆ, ಈಗ ಅದರ ಮೇಲಿನ ಎನ್3ಕ್ಕೆ ಓದುತ್ತಿದ್ದೇನೆ. ನಾನು ಟೀಚರ್ ಅಲ್ಲ, ಈ ದಾರಿಯಲ್ಲಿ ನಿಮಗಿಂತ ಸ್ವಲ್ಪ ಮೊದಲು ಹೊರಟವಳು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಜಪಾನಿ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಹ್ರಸ್ವ ದೀರ್ಘಗಳನ್ನು ಇದ್ದ ಹಾಗೆಯೇ ಓದಿಕೊಳ್ಳಿ.

## ಶುರು ಮಾಡುವ ಮೊದಲು

ಮನೆಯಲ್ಲಿ ತುಳು, ಹೊರಗೆ ಕನ್ನಡ, ಆಫೀಸಲ್ಲಿ ಇಂಗ್ಲಿಷ್, ಪಕ್ಕದ ಮನೆಯವರದ್ದು ಕೊಂಕಣಿ. ಇನ್ನೊಂದು ಭಾಷೆ ತಲೆಗೆ ಹೋಗ್ತದಾ?

ಹೋಗುತ್ತದೆ. ಅಂಗಡಿಯಲ್ಲಿ ಒಬ್ಬರ ಹತ್ತಿರ ತುಳು ಮಾತಾಡಿ, ತಿರುಗಿ ಇನ್ನೊಬ್ಬರಿಗೆ ಕನ್ನಡದಲ್ಲಿ ಉತ್ತರ ಕೊಡುವುದನ್ನು ನೀವು ಚಿಕ್ಕಂದಿನಿಂದ ಮಾಡಿಕೊಂಡು ಬಂದಿದ್ದೀರಿ. ಒಂದೇ ವಸ್ತುವಿಗೆ ನಾಲ್ಕು ಹೆಸರು ಇರಬಹುದು, ಒಂದೇ ಮಾತನ್ನು ಬೇರೆ ಬೇರೆ ರೀತಿ ಕಟ್ಟಬಹುದು ಅನ್ನುವುದು ನಿಮಗೆ ಹೊಸದಲ್ಲ. ಒಂದೇ ಭಾಷೆಯಲ್ಲಿ ಬೆಳೆದವರು ಮೊದಲು ಕಲಿಯಬೇಕಾದ್ದೇ ಅದು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆನ್‌ಲೈನಲ್ಲಿ ಎಲ್ಲ ಪಾಠ ಇಂಗ್ಲಿಷಲ್ಲೇ ಇದೆಯಲ್ಲ?

ಹೆಚ್ಚಿನವು ಇಂಗ್ಲಿಷಿನಲ್ಲಿವೆ, ನಿಜ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಸುಲಭ ಜಪಾನಿ ಪಾಠಗಳು ಹಿಂದಿಯಲ್ಲೂ ಸಿಗುತ್ತವೆ. ಉಳಿದ ಕಡೆ ಪಾಠದ ಇಂಗ್ಲಿಷ್ ಪಿಯುಸಿ ಓದಿದವರಿಗೆ ಅರ್ಥವಾಗುವಷ್ಟು ಸರಳ.

ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪಾಠ ಯಾವ ಭಾಷೆಯಲ್ಲಾದರೂ ಇರಲಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಅರ್ಥ ಬರೆಯುವುದು ಕನ್ನಡದಲ್ಲೋ ತುಳುವಿನಲ್ಲೋ ಇರಲಿ. ನಾನು ಮೊದಲು 'ಕೊಮೆ' ಅನ್ನುವುದಕ್ಕೆ 'ರೈಸ್' ಅಂತ ಬರೆದುಕೊಂಡೆ. ಆಮೇಲೆ 'ಗೊಹನ್' ಬಂತು, ಅದಕ್ಕೂ 'ರೈಸ್'. ಮತ್ತೆ 'ಇನೆ' ಬಂತು, ಅದೂ 'ರೈಸ್'. ಮೂರೂ ಕಲಸಿಹೋದವು. ಒಂದು ದಿನ ಮೂರನ್ನೂ ಹೊಡೆದು ಹಾಕಿ, ಇನೆ ಅಂದರೆ ಭತ್ತ, ಕೊಮೆ ಅಂದರೆ ಅಕ್ಕಿ, ಗೊಹನ್ ಅಂದರೆ ಅನ್ನ ಅಂತ ಬರೆದೆ. ಆಮೇಲೆ ಒಮ್ಮೆಯೂ ತಪ್ಪಿಲ್ಲ. ಗದ್ದೆ ಇರುವ ಊರಿನ ಭಾಷೆ ಇನ್ನೊಂದು ಗದ್ದೆಯ ಊರಿನ ಭಾಷೆಗೆ ನೇರವಾಗಿ ಹೊಂದುತ್ತದೆ, ನಡುವೆ ಇಂಗ್ಲಿಷ್ ತಂದರೆ ಗಂಟು ಬೀಳುತ್ತದೆ. ಮೀನಿನ ಹೆಸರುಗಳನ್ನೂ ಹಾಗೆಯೇ ಕಲಿತೆ: ಸಬ ಅಂದರೆ ಬಂಗುಡೆ, ಇವಶಿ ಅಂದರೆ ಬೂತಾಯಿ, ಎಬಿ ಅಂದರೆ ಸಿಗಡಿ.

ನನಗೆ 52 ವರ್ಷ. ತಡವಾಯ್ತಾ?

ಇಲ್ಲ. ಹೊಸ ಪದ ನೆನಪಿಡಲು ಹುಡುಗರಿಗಿಂತ ನಾಲ್ಕು ಸಲ ಹೆಚ್ಚು ನೋಡಬೇಕಾದೀತು. ಆದರೆ ದಿನಾ ಬೆಳಿಗ್ಗೆ ಎದ್ದು ದೇವರಿಗೆ ದೀಪ ಇಡುವ ಅಭ್ಯಾಸ ಇರುವವರಿಗೆ ದಿನಾ ಅರ್ಧ ಗಂಟೆ ಕೂರುವುದು ಕಷ್ಟವಲ್ಲ. ಹುಡುಗರು ಸೋಲುವುದು ಅಲ್ಲೇ.

ದುಡ್ಡು ಎಷ್ಟು ಬೇಕು?

ಮೊದಲ ವರ್ಷಕ್ಕೆ ಮೊಬೈಲ್ ಡೇಟಾ, ಚೌಕದ ಗೆರೆ ಇರುವ ಎರಡು ಲೆಕ್ಕದ ಪುಸ್ತಕ, ಒಂದು ಪೆನ್ಸಿಲ್, ಒಂದು ಇಯರ್‌ಫೋನ್. ಮೊದಲ ಆರು ತಿಂಗಳು ಯಾವ ಆಪಿಗೂ ವರ್ಷದ ಚಂದಾ ಕಟ್ಟಬೇಡಿ. ದುಡ್ಡು ಕಟ್ಟಿದ್ದೇ ಓದಿದ ಹಾಗೆ ಅನಿಸಿಬಿಡುತ್ತದೆ.

## ಅಕ್ಷರ, ಉಚ್ಚಾರ

ಮೂರು ಲಿಪಿ ಉಂಟಂತೆ, ಹೌದಾ? ಯಾವುದರಿಂದ ಶುರು ಮಾಡುವುದು?

ಹೌದು. ಹಿರಗನ, ಕತಕನ, ಕಂಜಿ. ಒಂದೇ ವಾಕ್ಯದಲ್ಲಿ ಮೂರೂ ಇರಬಹುದು. ಹಿರಗನ ಮತ್ತು ಕತಕನ ಎರಡರಲ್ಲೂ ಈಗ ಬಳಕೆಯಲ್ಲಿರುವ ಮೂಲ ಅಕ್ಷರಗಳು 46, ಧ್ವನಿಗಳೂ ಒಂದೇ, ರೂಪ ಮಾತ್ರ ಬೇರೆ. ಹಿರಗನದಲ್ಲಿ ವ್ಯಾಕರಣದ ತುಂಡುಗಳನ್ನೂ ಮನೆಮಾತಿನ ಪದಗಳನ್ನೂ ಬರೆಯುತ್ತಾರೆ, ಕತಕನ ಮುಖ್ಯವಾಗಿ ಹೊರಗಿನಿಂದ ಬಂದ ಪದಗಳಿಗೆ. ಕಂಜಿ ಅಂದರೆ ಚೀನಾದಿಂದ ಬಂದ, ಅರ್ಥವನ್ನೇ ತೋರಿಸುವ ಚಿತ್ರದಂಥ ಅಕ್ಷರಗಳು. ಮೊದಲು ಹಿರಗನ.

ಅದರ ಕ್ರಮ ನೋಡಿದರೆ ನಿಮಗೆ ಗುರುತು ಹತ್ತುತ್ತದೆ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ಹಾಗೆಯೇ ಗಂಟಲಿನಿಂದ ತುಟಿಯ ಕಡೆಗೆ ಬಂದು, ಕೊನೆಗೆ ಯ ರ ವ. ಸಂಸ್ಕೃತದ ಅಕ್ಷರವಿದ್ಯೆ ಬೌದ್ಧ ವಿದ್ವಾಂಸರ ಮೂಲಕ ಜಪಾನಿಗೆ ಹೋಗಿ, ಈ ಕ್ರಮ ಅದರಿಂದ ಹುಟ್ಟಿದ್ದು. ಸ ಇರುವ ಜಾಗ ನಮ್ಮ ಚ ವರ್ಗದ್ದು, ಹ ಇರುವ ಜಾಗ ಪ ವರ್ಗದ್ದು. ಹಳೆಯ ಜಪಾನಿಯಲ್ಲಿ ಆ ಹ ಧ್ವನಿ ಪ ಆಗಿತ್ತು. 'ಪಾಲು' ಹಾಲಾದದ್ದು, ತುಳುವಿನಲ್ಲಿ ಇವತ್ತಿಗೂ 'ಪೇರ್' ಅಂದರೆ ಹಾಲು ಆಗಿರುವುದು ಗೊತ್ತಿರುವ ನಮಗೆ ಇದು ಆಶ್ಚರ್ಯವಲ್ಲ.

ನಮ್ಮ ಕಾಗುಣಿತ ಮಾತ್ರ ಅಲ್ಲಿಲ್ಲ. ಕ ಮತ್ತು ಕಿ ಅಕ್ಷರಗಳಿಗೆ ರೂಪದಲ್ಲಿ ಸಂಬಂಧವೇ ಇಲ್ಲ, 46ನ್ನೂ ಬೇರೆ ಬೇರೆಯಾಗಿ ಕಲಿಯಬೇಕು. ಕ ಪಕ್ಕ ಎರಡು ಪುಟ್ಟ ಗೆರೆ ಇಟ್ಟರೆ ಗ, ತ ಪಕ್ಕ ಇಟ್ಟರೆ ದ, ಹ ಪಕ್ಕ ಇಟ್ಟರೆ ಬ, ಹ ಪಕ್ಕ ಪುಟ್ಟ ಸೊನ್ನೆ ಇಟ್ಟರೆ ಪ. ದಿನಕ್ಕೆ ಐದು ಅಕ್ಷರ, ಕೈಯಲ್ಲಿ ಬರೆದು. ಹತ್ತು ದಿನಕ್ಕೆ ಮುಗಿಯುತ್ತದೆ, ಇನ್ನೊಂದು ಹತ್ತು ದಿನ ಮರೆತು ಮತ್ತೆ ಕಲಿಯುವುದಕ್ಕೆ. ಕತಕನದಲ್ಲಿ ಶಿ ಮತ್ತು ತ್ಸು, ಸೊ ಮತ್ತು ನ್ ಅವಳಿಜವಳಿಗಳ ಹಾಗಿವೆ. ಗೆರೆ ಎಳೆಯುವ ದಿಕ್ಕನ್ನು ಕೈಗೆ ಕಲಿಸಿದರೆ ಮಾತ್ರ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ.

ಕನ್ನಡದಲ್ಲೇ ಬರೆದುಕೊಂಡು ಕಲಿತರೆ ಆಗದಾ? ನಮ್ಮ ಲಿಪಿಯಲ್ಲಿ ಎಲ್ಲ ಉಚ್ಚಾರವೂ ಸರಿಯಾಗಿ ಬರ್ತದಲ್ಲ?

ಬರುತ್ತದೆ, ಇಂಗ್ಲಿಷ್ ಲಿಪಿಗಿಂತ ಎಷ್ಟೋ ಚೆನ್ನಾಗಿ. ಅಪಾಯ ಇರುವುದೂ ಅದರಲ್ಲೇ. ನಾನು ಮೊದಲ ಮೂರು ತಿಂಗಳು ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಪದ ಬರುತ್ತಿತ್ತು, ವಾಕ್ಯ ಬರುತ್ತಿತ್ತು, ಬಹಳ ಖುಷಿಯಲ್ಲಿದ್ದೆ. ಪರೀಕ್ಷಾ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿದಾಗ 'ನೆಕೊ' ಎಂಬ ಪದವನ್ನು ನೆ... ಕೊ... ಅಂತ ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂಡಿಸಿ ಓದಬೇಕಾಯಿತು. ಬೆಕ್ಕು ಅಂತ ನನಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಓದುವ ಭಾಗದ ಅರ್ಧಕ್ಕೆ ಬರುವಾಗ ಸಮಯ ಮುಗಿಯಿತು. ಆ ಸಲ ಪಾಸಾಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಕನ್ನಡ ಲಿಪಿ ಮೊದಲ ಎರಡು ವಾರಕ್ಕೆ ಮಾತ್ರ. ಆಮೇಲೆ ಜಪಾನಿ ಪದ ಜಪಾನಿ ಲಿಪಿಯಲ್ಲಿ, ಅರ್ಥ ಕನ್ನಡದಲ್ಲಿ. ಇಂಗ್ಲಿಷ್ ಲಿಪಿಯಲ್ಲಿ ಜಪಾನಿ ಬರೆಯುವ ರೋಮಾಜಿ ಮೊಬೈಲಿನಲ್ಲಿ ಟೈಪ್ ಮಾಡುವುದಕ್ಕೆ ಬೇಕು, ಓದುವುದಕ್ಕೆ ಬೇಡ.

ಹೇಳಿಕೊಡುವವರು ಯಾರೂ ಇಲ್ಲ. ಉಚ್ಚಾರ ಸರಿ ಉಂಟಾ ಅಂತ ಗೊತ್ತಾಗುವುದು ಹೇಗೆ?

ಅರ್ಧ ಕೆಲಸವನ್ನು ನಿಮ್ಮ ಭಾಷೆ ಮೊದಲೇ ಮಾಡಿಟ್ಟಿದೆ. ಒಬಸನ್ ಅಂದರೆ ಚಿಕ್ಕಮ್ಮ ಅಥವಾ ಅತ್ತೆ, ಒಬಾಸನ್ ಅಂದರೆ ಅಜ್ಜಿ. ಕಿತೆ ಅಂದರೆ 'ಬಂದು', ಕಿತ್ತೆ ಅಂದರೆ ಅಂಚೆಚೀಟಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವರಲ್ಲಿ 'ನ್' ಎಂಬ ಒಂಟಿ ಅಕ್ಷರ ಇದೆ, ಅದು ನಮ್ಮ ಅನುಸ್ವಾರದ ಹಾಗೆಯೇ ಮುಂದಿನ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ಪತ್ರಿಕೆ ಅನ್ನುವ 'ಶಿಂಬುನ್'ನಲ್ಲಿ ಅದು ಅಂಬಿಗದ ಸೊನ್ನೆ, ಬ್ಯಾಂಕು ಅನ್ನುವ 'ಗಿಂಕೋ'ದಲ್ಲಿ ಅಂಕಣದ ಸೊನ್ನೆ.

ಜಪಾನಿಯ ಉ ಧ್ವನಿಗೆ ತುಟಿ ಮುಂದೆ ಚಾಚುವುದಿಲ್ಲ. ತುಳು ಬಲ್ಲವರು ಪದದ ಕೊನೆಯಲ್ಲಿ ಬರುವ ಅರೆ ಉಕಾರವನ್ನು ನೆನಪಿಸಿಕೊಳ್ಳಿ, ಅದಕ್ಕೆ ಬಹಳ ಹತ್ತಿರ. ಆ ಉ ಎಷ್ಟೋ ಸಲ ಮಾತಿನಲ್ಲಿ ಅಡಗಿಹೋಗುತ್ತದೆ: 'ದೆಸು' ಕಿವಿಗೆ 'ದೆಸ್' ಅಂತ, 'ಸುಕಿ' ಹೆಚ್ಚುಕಡಿಮೆ 'ಸ್ಕಿ' ಅಂತ ಕೇಳುತ್ತದೆ.

ನಮಗೆ ನಿಜವಾಗಿ ಹೊಸದು 'ತ್ಸು', ಇಂಗ್ಲಿಷಿನ ಝಡ್ ಧ್ವನಿ, ಮತ್ತೆ ಸ್ವರದ ಏರಿಳಿತ. ಟೋಕಿಯೊ ಮಾತಿನಲ್ಲಿ 'ಹಶಿ' ಎಂಬುದನ್ನು ಮೇಲಿನಿಂದ ಇಳಿಸಿದರೆ ಊಟದ ಕಡ್ಡಿ, ಕೆಳಗಿನಿಂದ ಏರಿಸಿದರೆ ಸೇತುವೆ. ಇದನ್ನು ನಿಯಮದಿಂದ ಕಲಿಯುವುದಕ್ಕಿಂತ ಕೇಳಿ ಹೇಳುವುದು ಒಳ್ಳೆಯದು. ಪಾಠದ ಒಂದು ವಾಕ್ಯ ಕೇಳಿ, ನಿಮ್ಮ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮೊದಲ ಸಲ ನಾಚಿಕೆಯಾಗುತ್ತದೆ, ತಪ್ಪು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

## ದಿನದಿನದ ಓದು

ಆಪ್, ವೆಬ್‌ಸೈಟ್ ಅಂತ ನೂರು ಹೆಸರು ಹೇಳ್ತಾರೆ. ನೀವು ಒಂದೇ ಒಂದು ಹೇಳಿ.

ಒಂದೇ ಅಂದರೆ 'ಇರೊದೊರಿ'. ಜಪಾನ್ ಫೌಂಡೇಶನ್ ತಯಾರಿಸಿ ಉಚಿತವಾಗಿ ಕೊಡುವ ಪಠ್ಯ. ಪಿಡಿಎಫ್ ಮತ್ತು ಆಡಿಯೊ ಎರಡನ್ನೂ ಇಳಿಸಿಕೊಳ್ಳಬಹುದು. ಜಪಾನಿನಲ್ಲಿ ಕೆಲಸ ಮಾಡಿ ಬದುಕುವವರಿಗಾಗಿ ಬರೆದದ್ದು, ಹಾಗಾಗಿ ಅಂಗಡಿ, ಆಸ್ಪತ್ರೆ, ರಜೆ ಕೇಳುವುದು, ಕಸ ಬೇರೆ ಮಾಡುವುದು, ಎಲ್ಲ ಬರುತ್ತದೆ. ಅದೇ ಸಂಸ್ಥೆಯ 'ಮಿನಾತೊ' ತಾಣದಲ್ಲಿ ಉಚಿತ ಕೋರ್ಸುಗಳಿವೆ. ವಾರವಾರ ಏನು ಮುಗಿಸಬೇಕು ಅಂತ ಯಾರಾದರೂ ಹೇಳಬೇಕು ಅನ್ನುವವರಿಗೆ ಅದು ಒಳ್ಳೆಯದು.

ಇದರ ಜೊತೆ ಎರಡು ಸಲಕರಣೆ ಸಾಕು. ಪದ ಹುಡುಕಲು 'ಜಿಶೊ' ಆನ್‌ಲೈನ್ ನಿಘಂಟು. ಪದ ಮರೆಯದಿರಲು 'ಆಂಕಿ', ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಇರುವ ಕಾರ್ಡುಗಳ ಆಪ್. ಅದು ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ, ಐಫೋನಿನಲ್ಲಿ ದುಡ್ಡು ಕೊಡಬೇಕು. ನೀವು ಮರೆಯುವ ಹೊತ್ತಿಗೆ ಸರಿಯಾಗಿ ಆ ಪದವನ್ನು ಮತ್ತೆ ಮುಂದಿಡುವುದು ಅದರ ಕೆಲಸ. ಗೊತ್ತಿರುವುದು ತಿಂಗಳಿಗೊಮ್ಮೆ ಬರುತ್ತದೆ, ಗೊತ್ತಿಲ್ಲದ್ದು ನಾಳೆಯೇ ಬರುತ್ತದೆ. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳ ಕಟ್ಟು ಇಳಿಸಿಕೊಳ್ಳುವುದಕ್ಕಿಂತ ನಿಮ್ಮ ಪಾಠದ ಪದಗಳಿಗೆ ನೀವೇ ಕನ್ನಡದಲ್ಲಿ ಕಾರ್ಡ್ ಮಾಡಿ. ದಿನಕ್ಕೆ ಎಂಟು ಹೊಸ ಪದ ಸಾಕು. ಉತ್ಸಾಹದಲ್ಲಿ ಮೂವತ್ತು ಹಾಕಿದರೆ ಹತ್ತು ದಿನದಲ್ಲಿ ಮುನ್ನೂರು ಕಾರ್ಡುಗಳ ರಾಶಿ ಕಾಯುತ್ತಿರುತ್ತದೆ, ಆಪ್ ತೆರೆಯಲು ಭಯವಾಗುತ್ತದೆ.

ದಿನಕ್ಕೆ ಎಷ್ಟು ಹೊತ್ತು? ಎಷ್ಟು ವರ್ಷ?

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಮಾತಾಡುವ ಅಧಿಕಾರಿಗಳಿಗೆ ಜಪಾನಿ ಕಲಿಸಲು ಸುಮಾರು 2,200 ತರಗತಿ ಗಂಟೆ ಲೆಕ್ಕ ಹಾಕುತ್ತದೆ. ಅದು ಕೆಲಸಕ್ಕೆ ಬೇಕಾದ ಎತ್ತರದ ಮಟ್ಟಕ್ಕೆ, ಮತ್ತು ಇಂಗ್ಲಿಷ್ ಮನೆಮಾತಿನವರಿಗೆ. ನಮಗೆ ಅಷ್ಟು ಬೇಡ ಅನ್ನುವುದು ನನ್ನ ನಂಬಿಕೆ, ಕಾರಣ ಮುಂದೆ ಹೇಳುತ್ತೇನೆ. ನನಗೆ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಎನ್5ಕ್ಕೆ ಒಂದೂವರೆ ವರ್ಷ ಹಿಡಿಯಿತು, ಸೋತ ಸಲವೂ ಸೇರಿ.

ನನ್ನ ಹಂಚಿಕೆ ಹೀಗೆ: ಬಸ್ಸು ಹತ್ತಿದ ಮೇಲೆ ಕಾಪುವಿನವರೆಗೆ ಆಂಕಿ, ಆಮೇಲೆ ಮೂಲ್ಕಿಯವರೆಗೆ ಪಾಠದ ಆಡಿಯೊ, ಸುರತ್ಕಲ್ ದಾಟಿದ ಮೇಲೆ ಕಣ್ಣುಮುಚ್ಚಿ ವಿಶ್ರಾಂತಿ. ವ್ಯಾಕರಣ ಮತ್ತು ಬರವಣಿಗೆ ಮನೆಯಲ್ಲಿ, ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ. ಬಸ್ಸಿನಲ್ಲಿ ಬರೆಯಲು ಹೋಗಬೇಡಿ.

ಅನಿಮೆ ನೋಡಿಯೇ ಕಲಿಯಬಹುದಲ್ವಾ? ಮಗ ಹಾಗೆ ಹೇಳ್ತಾನೆ.

ಅನಿಮೆ ಅಂದರೆ ಜಪಾನಿ ಕಾರ್ಟೂನು. ಕಿವಿ ಪಳಗುತ್ತದೆ, ಆಸೆ ಉಳಿಯುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಅಲ್ಲಿ ಹುಡುಗರು ತಮ್ಮನ್ನು 'ಒರೆ' ಅಂತಲೂ ಎದುರಿನವರನ್ನು 'ಒಮಎ' ಅಂತಲೂ ಕರೆಯುತ್ತಾರೆ. ನಮ್ಮ ಸಿನಿಮಾದ ಫೈಟಿಂಗ್ ದೃಶ್ಯದಿಂದ ಕನ್ನಡ ಕಲಿತವನು ಬ್ಯಾಂಕಿಗೆ ಹೋಗಿ ಮ್ಯಾನೇಜರಿಗೆ 'ಲೇ' ಅಂದ ಹಾಗಾಗುತ್ತದೆ. ಮಗ ಪಾಠವನ್ನೂ ಓದಲಿ, ಅನಿಮೆಯನ್ನೂ ನೋಡಲಿ, ಬೈಯಬೇಡಿ.

ಎಐ ಇದೆ, ಅನುವಾದದ ಆಪ್ ಇದೆ. ಕಲಿಯುವುದಾದರೂ ಯಾಕೆ?

ಬೋರ್ಡು ಓದುವುದಷ್ಟೇ ಬೇಕಿದ್ದರೆ ಕಲಿಯಬೇಕಾಗಿಲ್ಲ. ಕಲಿಯುವವರು ಅವನ್ನು ಬಳಸುವ ರೀತಿ ಬೇರೆ: ಒಂದು ವಾಕ್ಯ ಕೊಟ್ಟು ಪದಪದ ಬಿಡಿಸಿ ಕನ್ನಡದಲ್ಲಿ ವಿವರಿಸಲು ಕೇಳಿ. ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳಿಬಿಡುವುದುಂಟು, ಹಾಗಾಗಿ ನಿಘಂಟಿನಲ್ಲಿ ಒಮ್ಮೆ ನೋಡಿ.

## ವ್ಯಾಕರಣ

ಜಪಾನಿಯಲ್ಲಿ ಎಲ್ಲ ಉಲ್ಟಾ ಅಂತಾರೆ. ವಾಕ್ಯ ಕಟ್ಟುವುದು ಹೇಗೆ?

ಉಲ್ಟಾ ಇಂಗ್ಲಿಷಿಗೆ. ನಮಗೆ ಸೀದಾ. 'ವತಶಿ ವ ಬಸು ದೆ ಮಂಗಳೂರು ನಿ ಇಕಿಮಸು.' ವತಶಿ ವ ಅಂದರೆ ನಾನು, ಬಸು ದೆ ಅಂದರೆ ಬಸ್ಸಿನಲ್ಲಿ, ಮಂಗಳೂರು ನಿ ಅಂದರೆ ಮಂಗಳೂರಿಗೆ, ಇಕಿಮಸು ಅಂದರೆ ಹೋಗುತ್ತೇನೆ. ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳ ಹಾಗೆ ಅವರದ್ದೂ ಪದದ ಹಿಂದೆ ಬರುತ್ತವೆ: 'ಕರ' ಅಂದರೆ ಇಂದ, 'ಮದೆ' ಅಂದರೆ ವರೆಗೆ. ಕೊನೆಯಲ್ಲಿ 'ಕ' ಸೇರಿಸಿದರೆ ಪ್ರಶ್ನೆ, ನಾವು 'ಹೋಗುತ್ತೀರಾ' ಅಂತ ಎಳೆದ ಹಾಗೆ. ಇಂಗ್ಲಿಷ್ ಪದಗಳ ಕೊನೆಗೆ ನಾವು ಕಾರು, ಬಸ್ಸು, ಪೆನ್ನು ಅಂತ ಉ ಸೇರಿಸುವ ಅಭ್ಯಾಸವೂ ಅವರಲ್ಲಿದೆ, ಬಸು ನೋಡಿ.

ನನ್ನನ್ನು ನಿಲ್ಲಿಸಿಬಿಟ್ಟದ್ದು ಇನ್ನೊಂದು. ಮನೆಯಿಂದ ಹೊರಡುವಾಗ ನಾನು 'ಹೋಗ್ತೇನೆ' ಅಂದರೆ ಅಜ್ಜಿಗೆ ಆಗುತ್ತಿರಲಿಲ್ಲ. 'ಹಾಗೆ ಹೇಳಬಾರದು, ಹೋಗಿ ಬರ್ತೇನೆ ಅನ್ನು' ಅಂತ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ತುಳುವಿನಲ್ಲಾದರೆ 'ಪೋದು ಬರ್ಪೆ'. ಪಡುಬಿದ್ರಿಯ ಹತ್ತಿರ ಬಸ್ಸಿನಲ್ಲಿ ಒಂದು ಪಾಠ ಕೇಳುತ್ತಿದ್ದೆ. ಜಪಾನಿ ಮನೆಯಿಂದ ಹೊರಡುವವರು ಹೇಳುವ ಮಾತು 'ಇತ್ತೆ ಕಿಮಸು' ಅಂತ ಬಂತು. ಇತ್ತೆ ಅಂದರೆ ಹೋಗಿ, ಕಿಮಸು ಅಂದರೆ ಬರುತ್ತೇನೆ. ಮನೆಯಲ್ಲಿ ಉಳಿದವರು 'ಇತ್ತೆರಶ್ಶೈ' ಅನ್ನುತ್ತಾರೆ, ಅಂದರೆ ಹೋಗಿ ಬನ್ನಿ. ಪಾಠವನ್ನು ನಿಲ್ಲಿಸಿ ಅದೊಂದನ್ನೇ ಮತ್ತೆ ಮತ್ತೆ ಕೇಳಿದೆ.

ಈ 'ತೆ' ರೂಪ ನಮ್ಮ 'ಹೋಗಿ, ತಿಂದು, ಬರೆದು' ಇದ್ದ ಹಾಗೆ. ಅದರ ಹಿಂದೆ ಇನ್ನೊಂದು ಕ್ರಿಯಾಪದ ಬಂದಾಗ ಹೋಲಿಕೆ ಇನ್ನೂ ಹೆಚ್ಚುತ್ತದೆ. ಮಿರು ಅಂದರೆ ನೋಡು, 'ತಬೆತೆ ಮಿರು' ಅಂದರೆ ತಿಂದು ನೋಡು. ಒಕು ಅಂದರೆ ಇಡು, 'ಕೈತೆ ಒಕು' ಅಂದರೆ ಬರೆದಿಡು. 'ತಬೆತೆ ಶಿಮತ್ತ' ಅಂದರೆ ತಿಂದುಬಿಟ್ಟೆ, ಆ ಬಿಟ್ಟೆಯಲ್ಲಿರುವ ಪಶ್ಚಾತ್ತಾಪದ ಸಮೇತ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ನೀವು ಆ ಪುಟ ಮಗುಚಿ, ಪಕ್ಕದಲ್ಲಿ ಕನ್ನಡ ವಾಕ್ಯ ಬರೆದು ಮುಂದೆ ಹೋಗಿ. 'ಕಿನೋ ಕತ್ತ ಸಕನ' ಅಂದರೆ ನಿನ್ನೆ ಕೊಂಡ ಮೀನು, ಇಲ್ಲೂ ಪದಕ್ಕೆ ಪದ.

ರೂಪ ಮಾಡುವ ನಿಯಮ ಮಾತ್ರ ಬಾಯಿಪಾಠವೇ. ಕೌ ಇದ್ದದ್ದು ಕತ್ತೆ ಆಗುತ್ತದೆ, ಯೊಮು ಇದ್ದದ್ದು ಯೊಂದೆ ಆಗುತ್ತದೆ. ಕೊಡು ಕೊಟ್ಟು ಆಗುವುದು, ಬರು ಬಂದು ಆಗುವುದು ಕೂಡ ಹಾಗೆಯೇ ಅಲ್ಲವೇ?

ಕನ್ನಡ ಕೈಕೊಡುವ ಜಾಗವೂ ಇದೆ. ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಎಲ್ಲಕ್ಕೂ ಅಲ್ಲಿ ಇಕಿಮಸು ಒಂದೇ. ಯಾರು ಅನ್ನುವುದನ್ನು ಸಂದರ್ಭದಿಂದ ತಿಳಿಯಬೇಕು, ಕೇಳುವಾಗ ನನಗೆ ಈಗಲೂ ತಪ್ಪುತ್ತದೆ. 'ಕೊಡು' ಅನ್ನುವುದಕ್ಕೂ ಎರಡು ಪದ: ನನಗೆ ಅಥವಾ ನನ್ನವರಿಗೆ ಕೊಟ್ಟರೆ 'ಕುರೆರು', ನಾನು ಬೇರೆಯವರಿಗೆ ಕೊಟ್ಟರೆ 'ಅಗೆರು'. ಕಾಸರಗೋಡು ಕಡೆಯವರು ಮಲಯಾಳದ 'ತರುಕ', 'ಕೊಡುಕ್ಕುಕ' ನೆನಪಿಸಿಕೊಂಡರೆ ದಾರಿ ಸಿಗುತ್ತದೆ.

'ವ' ಮತ್ತು 'ಗ' ವ್ಯತ್ಯಾಸ ಎಷ್ಟು ಓದಿದರೂ ತಲೆಗೆ ಹೋಗ್ತಾ ಇಲ್ಲ.

'ಜೋ ವ ಹನ ಗ ನಗೈ.' ಆನೆಗೆ ಸೊಂಡಿಲು ಉದ್ದ. ವ ಅನ್ನುವುದು 'ಈಗ ಆನೆಯ ವಿಚಾರ' ಅಂತ ಮಾತಿನ ವಿಷಯವನ್ನು ಮುಂದಿಡುತ್ತದೆ, ಗ ಅನ್ನುವುದು ಉದ್ದ ಇರುವುದು ಯಾವುದು ಅಂತ ತೋರಿಸುತ್ತದೆ. 'ಯಾರು ಬಂದರು' ಅಂತ ಕೇಳಿದರೆ ಉತ್ತರದಲ್ಲಿ ಗ: ಬಂದದ್ದು ಶೆಟ್ರು. 'ಶೆಟ್ರ ವಿಷಯ ಏನಾಯ್ತು' ಅಂತ ಕೇಳಿದರೆ ವ: ಶೆಟ್ರಾ, ಬಂದರು. ವಗೆ ಇನ್ನೊಂದು ಮುಖವಿದೆ. 'ಅನ್ನವೇನೋ ಆಯ್ತು' ಅಂದಾಗ ಸಾರು ಆಗಿಲ್ಲ ಅಂತ ಹೇಳದೆಯೇ ಗೊತ್ತಾಗುತ್ತದಲ್ಲ, ಆ 'ಏನೋ' ಮಾಡುವ ಕೆಲಸವನ್ನು ಜಪಾನಿಯಲ್ಲಿ ವ ಮಾಡುತ್ತದೆ. ಇಷ್ಟು ಇಟ್ಟುಕೊಂಡು ಓದುತ್ತಾ ಹೋಗಿ.

'ನೀನು', 'ನೀವು' ಅನ್ನುವುದಕ್ಕೆ ಏನು ಹೇಳಬೇಕು?

ಆದಷ್ಟು ಹೇಳದಿರುವುದೇ ಸರಿ. ಪಾಠಗಳಲ್ಲಿ 'ಅನತ' ಅಂತ ಇರುತ್ತದೆ, ಎದುರಿನವರಿಗೆ ಹಾಗೆ ಹೇಳಿದರೆ ಒರಟಾಗಬಹುದು. ಹೆಸರಿಗೆ 'ಸನ್' ಸೇರಿಸಿ ಕರೆಯುತ್ತಾರೆ, ಅವರ ಎದುರೇ ಅವರ ಹೆಸರು ಹಿಡಿದು 'ತನಕ-ಸನ್ ಎಲ್ಲಿಗೆ' ಅಂತ ಕೇಳುತ್ತಾರೆ. ನಮ್ಮಲ್ಲಿ ಎದುರು ಬಂದವರನ್ನೇ 'ಭಟ್ರು ಎಲ್ಲಿಗೆ ಹೊರಟದ್ದು' ಅಂತ ಕೇಳುವುದಿಲ್ಲವೇ? ನಿಮ್ಮ ಹೆಸರಿಗೆ ಮಾತ್ರ ನೀವೇ ಸನ್ ಸೇರಿಸಬೇಡಿ.

ಎಣಿಸುವುದಕ್ಕೆ ವಸ್ತುವಿಗೊಂದು ಪದ ಅಂತೆ. ಎಲ್ಲ ಬಾಯಿಪಾಠ ಮಾಡಬೇಕಾ?

ನಾವೂ 'ಎರಡು ಜನ' ಅನ್ನುವ ಬದಲು 'ಇಬ್ಬರು' ಅನ್ನುತ್ತೇವೆ. ಅವರಲ್ಲೂ ಒಬ್ಬರಿಗೆ ಹಿತೊರಿ, ಇಬ್ಬರಿಗೆ ಫುತರಿ, ಮೂವರಿಗೆ ಸನ್ನಿನ್. ಉದ್ದನೆಯ ವಸ್ತು, ತೆಳ್ಳಗಿನ ಹಾಳೆ, ಸಣ್ಣ ಪ್ರಾಣಿ ಎಲ್ಲಕ್ಕೂ ಬೇರೆ ಬೇರೆ. ಮೊದಲ ವರ್ಷ ಜನರ ಎಣಿಕೆ ಮತ್ತು ಹಿತೊತ್ಸು, ಫುತತ್ಸು ಎಂಬ ಸಾಮಾನ್ಯ ಎಣಿಕೆ ಕಲಿಯಿರಿ. ಅಂಗಡಿಯಲ್ಲಿ ಅಷ್ಟರಿಂದ ಸುಧಾರಿಸುತ್ತದೆ.

ಇಷ್ಟೆಲ್ಲ ಹೋಲಿಕೆ ಇದ್ದರೆ ಕನ್ನಡಕ್ಕೂ ಜಪಾನಿಗೂ ಹಿಂದೆ ಸಂಬಂಧ ಇತ್ತಾ?

ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಎಂದು ದೀರ್ಘ ಕಾಲ ವಾದಿಸಿದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ವಾಕ್ಯದ ಕಟ್ಟಡ ಒಂದೇ ರೀತಿ ಇರುವ ಭಾಷೆಗಳು ಕೊರಿಯಾ, ಟರ್ಕಿ ಕಡೆಯೂ ಇವೆ, ಕಟ್ಟಡ ನೋಡಿ ಕುಟುಂಬ ಹೇಳಲಾಗದು.

ಬಂದು ಹೋದ ಪದಗಳ ನಂಟು ಬೇರೆ. ಹಂಚಿಗೆ ಜಪಾನಿಯಲ್ಲಿ 'ಕವರ' ಅನ್ನುತ್ತಾರೆ, ಅದು ಸಂಸ್ಕೃತದ 'ಕಪಾಲ'ದಿಂದ ಬೌದ್ಧರ ಜೊತೆ ಹೋದದ್ದು ಅನ್ನುವುದು ಸಾಮಾನ್ಯವಾಗಿ ಹೇಳುವ ವಿವರಣೆ. 1865ರಿಂದ ಬಾಸೆಲ್ ಮಿಶನ್ನಿನ ಹಂಚು ಸುಟ್ಟ ಮಂಗಳೂರಿನವರಿಗೆ ಈ ಪದ ಮರೆಯಲಿಕ್ಕಿಲ್ಲ. ಬ್ರೆಡ್ಡಿಗೆ ಅವರು 'ಪನ್' ಅನ್ನುತ್ತಾರೆ, ಇಲ್ಲಿನ ಕೊಂಕಣಿಯಲ್ಲಿ 'ಪಾವ್'. ಎರಡೂ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರು.

## ಇನ್ನೂ ಮುಂದೆ

ಕಂಜಿ 2,136 ಅಂತೆ! ಅದೂ ಒಂದೊಂದಕ್ಕೆ ಎರಡು ಮೂರು ಉಚ್ಚಾರ. ಇದು ಆಗುವ ಕೆಲಸವಾ?

2,136 ಅನ್ನುವುದು 2010ರಲ್ಲಿ ಪರಿಷ್ಕರಿಸಿದ, ಸಾಮಾನ್ಯ ಬಳಕೆಯ ಪಟ್ಟಿ. ಜಪಾನಿನ ಮಕ್ಕಳೂ ಅದನ್ನು ಶಾಲೆಯ ವರ್ಷಗಳುದ್ದಕ್ಕೂ ಕಲಿಯುತ್ತಾರೆ. ನಿಮಗೆ ಮೊದಲ ವರ್ಷಕ್ಕೆ ನೂರರ ಆಸುಪಾಸು ಸಾಕು.

ಎರಡು ಉಚ್ಚಾರದ ಗುಟ್ಟು ಹೀಗಿದೆ. ನೀರಿನ ಕಂಜಿ ಒಂಟಿಯಾಗಿದ್ದರೆ 'ಮಿಜು', ಸಮಾಸದಲ್ಲಿ ಬಂದರೆ 'ಸುಇ'. ನಾವು ಕುಡಿಯುವಾಗ ನೀರು ಅನ್ನುತ್ತೇವೆ, ಕೂಡುಪದದಲ್ಲಿ ಜಲಾಶಯ, ಜಲಪಾತ ಅನ್ನುತ್ತೇವೆ, 'ನೀರಾಶಯ' ಅನ್ನುವುದಿಲ್ಲ. ಮಿಜು ಅವರ ಮನೆಯ ನೀರು, ಸುಇ ಚೀನಾದಿಂದ ಬಂದ ಜಲ. ಬೆಟ್ಟಕ್ಕೆ ಯಮ ಮತ್ತು ಸನ್ ಅಂದರೆ ನಮ್ಮ ಬೆಟ್ಟ ಮತ್ತು ಗಿರಿ. ನಾವು ಎರಡು ಪದಕ್ಕೆ ಎರಡು ಬರಹ ಇಟ್ಟುಕೊಂಡೆವು, ಅವರು ಎರಡಕ್ಕೂ ಒಂದೇ ಚಿತ್ರ ಇಟ್ಟುಕೊಂಡರು. ಹಾಗಾಗಿ ಕಂಜಿಯ ಉಚ್ಚಾರಗಳನ್ನು ಪಟ್ಟಿ ಮಾಡಿ ಕಂಠಪಾಠ ಮಾಡಬೇಡಿ, ಪದಗಳನ್ನು ಕಲಿಯಿರಿ, ಉಚ್ಚಾರ ಅದರ ಜೊತೆ ಬರುತ್ತದೆ.

ರೂಪ ನೆನಪಿಡಲು ತುಂಡುಗಳನ್ನು ನೋಡಿ. ಎಡಕ್ಕೆ ಮನುಷ್ಯ, ಬಲಕ್ಕೆ ಮರ: ಅದು ವಿಶ್ರಾಂತಿ. ಮೂರು ಮರ ಸೇರಿದರೆ ಕಾಡು. ಮಳೆಯ ಕಂಜಿಯಲ್ಲಿ ಮೇಲೊಂದು ಅಡ್ಡಗೆರೆ, ಕೆಳಗೆ ಕಿಟಕಿಯಂಥ ಚೌಕಟ್ಟು, ಒಳಗೆ ನಾಲ್ಕು ಹನಿ. ಜೂನ್ ತಿಂಗಳಲ್ಲಿ ಅದನ್ನು ಕಲಿತ ನನಗೆ ಎರಡನೇ ಸಲ ನೋಡಬೇಕಾಗಲಿಲ್ಲ.

ಇಲ್ಲಿ ಜಪಾನಿ ಮಾತಾಡುವವರು ಎಲ್ಲಿದ್ದಾರೆ? ಬಾಯಿ ತೆರೆಯುವುದು ಹೇಗೆ?

ಮೊದಲು ಒಬ್ಬರೇ. ಆಡಿಯೊ ಹಾಕಿ, ಅವರು ಹೇಳಿ ಮುಗಿಸುವ ಮೊದಲೇ ನೆರಳಿನ ಹಾಗೆ ಹಿಂದಿನಿಂದ ಹೇಳುತ್ತಾ ಹೋಗಿ. ದಿನಾ ರಾತ್ರಿ ಮೂರು ಸಾಲು ದಿನಚರಿ ಬರೆದು ಗಟ್ಟಿಯಾಗಿ ಓದಿ. ಆರು ತಿಂಗಳ ನಂತರ ಭಾಷೆ ವಿನಿಮಯದ ಆಪ್‌ಗಳಲ್ಲಿ ಜೊತೆಗಾರರನ್ನು ಹುಡುಕಬಹುದು: ಅರ್ಧ ಗಂಟೆ ಅವರಿಗೆ ಇಂಗ್ಲಿಷ್, ಅರ್ಧ ಗಂಟೆ ನಿಮಗೆ ಜಪಾನಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ ಸಂಜೆ ಆರೂವರೆ ಅವರಿಗೆ ರಾತ್ರಿ ಹತ್ತು, ಹಾಗಾಗಿ ಭಾನುವಾರ ಮಧ್ಯಾಹ್ನ ಇಬ್ಬರಿಗೂ ಅನುಕೂಲ. ಹೆಣ್ಣುಮಕ್ಕಳಿಗೆ ಅಕ್ಕನಾಗಿ ಒಂದು ಮಾತು: ಫೋನ್ ನಂಬರು, ಮನೆ ವಿಳಾಸ ಕೊಡಬೇಡಿ, ಮಾತು ಪಾಠ ಬಿಟ್ಟು ಬೇರೆ ಕಡೆ ತಿರುಗಿದರೆ ಬ್ಲಾಕ್ ಮಾಡಿ, ಸಂಕೋಚ ಬೇಡ.

ಪರೀಕ್ಷೆ ಬರೆಯಲೇಬೇಕಾ? ಎಲ್ಲಿ, ಹೇಗೆ?

ಬರೆಯಲೇಬೇಕೆಂದಿಲ್ಲ, ಆದರೆ ಒಬ್ಬರೇ ಓದುವವರಿಗೆ ದಿನಾಂಕ ಒಂದು ಎದುರಿಗಿದ್ದರೆ ಒಳ್ಳೆಯದು. ಜೆಎಲ್‌ಪಿಟಿ ಪರೀಕ್ಷೆ 1984ರಲ್ಲಿ ಶುರುವಾಯಿತು. 2010ರಿಂದ ಎನ್5ರಿಂದ ಎನ್1ರವರೆಗೆ ಐದು ಮಟ್ಟಗಳಿವೆ, ಎನ್5 ಎಲ್ಲಕ್ಕಿಂತ ಸುಲಭ. ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ನಮಗೆ ಅನುಕೂಲದ ಕೇಂದ್ರ ಬೆಂಗಳೂರು. ಎಲ್ಲವೂ ಆಯ್ಕೆ ಪ್ರಶ್ನೆಗಳು, ಮಾತಾಡುವ, ಬರೆಯುವ ಪರೀಕ್ಷೆ ಇಲ್ಲ. ಎನ್5ಕ್ಕೆ 180ರಲ್ಲಿ 80 ಬೇಕು, ಜೊತೆಗೆ ಭಾಷೆ ಮತ್ತು ಓದಿನಲ್ಲಿ 120ಕ್ಕೆ 38, ಕೇಳುವಿಕೆಯಲ್ಲಿ 60ಕ್ಕೆ 19 ಆದರೂ ಬರಬೇಕು. ಒಟ್ಟು ಅಂಕ ಎಷ್ಟೇ ಬಂದರೂ ಒಂದು ಭಾಗ ಕೈಬಿಟ್ಟರೆ ಪಾಸಿಲ್ಲ.

ಅರ್ಜಿ ಹಾಕುವುದು ತಿಂಗಳುಗಳ ಮೊದಲೇ ಮುಗಿಯುತ್ತದೆ, ದಿನಾಂಕ ನೋಡಿಕೊಳ್ಳಿ. ಆಯ್ಕೆ ಇದ್ದರೆ ಡಿಸೆಂಬರ್ ಹಿಡಿಯಿರಿ. ಜುಲೈ ಅಂದರೆ ನಡು ಮಳೆಗಾಲ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಎಲ್ಲಿ ಸುತ್ತಿ ಎಷ್ಟು ಹೊತ್ತಿಗೆ ತಲುಪುತ್ತದೋ ಹೇಳಲಾಗದು. ಶನಿವಾರ ರಾತ್ರಿಯ ಬಸ್ಸಿಗೆ ನಂಬಿ ಕೂರಬೇಡಿ, ಶುಕ್ರವಾರವೇ ಹೊರಡಿ.

ನಾನು ಮಂಗಳೂರಲ್ಲಿ ನರ್ಸಿಂಗ್ ಮುಗಿಸಿದ್ದೇನೆ. ಜಪಾನಿಗೆ ಹೋಗಲು ಎಷ್ಟು ಭಾಷೆ ಬೇಕು, ಮೇಡಂ?

ಎರಡು ದಾರಿಗಳನ್ನು ಬೇರೆ ಮಾಡಿ ನೋಡಿ. ಜಪಾನ್ 2019ರ ಏಪ್ರಿಲ್‌ನಲ್ಲಿ 'ತೊಕುತೆಇ ಗಿನೋ' ಎಂಬ ಕುಶಲ ಕೆಲಸಗಾರರ ವೀಸಾ ಶುರು ಮಾಡಿತು, ಭಾರತ 2021ರ ಜನವರಿಯಲ್ಲಿ ಅದಕ್ಕಾಗಿ ಒಪ್ಪಂದ ಮಾಡಿಕೊಂಡಿತು. ಅದರಡಿ 'ಕೈಗೊ' ಎಂಬ ವಿಭಾಗಕ್ಕೆ ಎನ್4 ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಇನ್ನೊಂದು ಭಾಷಾ ಪರೀಕ್ಷೆ ಪಾಸಾಗಬೇಕು, ಜೊತೆಗೆ ಕೈಗೊ ಕೆಲಸದ ಪರೀಕ್ಷೆ ಮತ್ತು ಕೈಗೊ ಭಾಷೆಯ ಪರೀಕ್ಷೆ. ಆದರೆ ಕೈಗೊ ಅಂದರೆ ವೃದ್ಧರ ಆರೈಕೆ: ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಎಬ್ಬಿಸಿ ಕೂರಿಸುವುದು. ಅದು ನರ್ಸಿನ ಹುದ್ದೆಯಲ್ಲ. ಅಲ್ಲಿ ನರ್ಸ್ ಆಗಬೇಕಾದರೆ ಜಪಾನಿನ ರಾಷ್ಟ್ರೀಯ ನರ್ಸಿಂಗ್ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಬೇಕಾದ ಭಾಷೆ ಎನ್4ಕ್ಕಿಂತ ಬಹಳ ಮೇಲೆ. 'ನರ್ಸ್ ಕೆಲಸ, ಆರು ತಿಂಗಳಲ್ಲಿ ಭಾಷೆ' ಅಂತ ಯಾರಾದರೂ ಹಣ ಕೇಳಿದರೆ, ವೀಸಾದ ಹೆಸರು ಏನು, ಹುದ್ದೆಯ ಹೆಸರು ಏನು ಅಂತ ಬರಹದಲ್ಲಿ ಕೇಳಿ. ಬರೆದು ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲ ಮಾಡಿ ಮುಂಗಡ ಕಟ್ಟಿದ ಹುಡುಗಿಯೊಬ್ಬಳ ಪತ್ರ ಓದಿದ ಮೇಲೆ ಈ ಉತ್ತರವನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎಂಟು ತಿಂಗಳು ಕಲಿತೆ, ನಡುವೆ ನಿಂತುಹೋಯ್ತು. ಮತ್ತೆ ಮೊದಲಿನಿಂದ ಶುರು ಮಾಡಬೇಕಾ?

ಬೇಡ. ಆಂಕಿಯಲ್ಲಿ ಬಾಕಿ ಬಿದ್ದ ರಾಶಿಯನ್ನು ಅಳಿಸಿ ಹಾಕಿ. ನಿಲ್ಲಿಸಿದ ಪಾಠಕ್ಕಿಂತ ಮೂರು ಪಾಠ ಹಿಂದಕ್ಕೆ ಹೋಗಿ ಅಲ್ಲಿಂದ ಹೊರಡಿ. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ.

ಆಪು, ಪಾಠ ಎಲ್ಲ ಬಿಟ್ಟು ನಿಜವಾದ ಪುಸ್ತಕ ಓದುವ ದಿನ ಬರ್ತದಾ?

ನೀವು ಅಂದುಕೊಂಡದ್ದಕ್ಕಿಂತ ಬೇಗ. 'ತದೊಕು' ಎಂಬ ತಾಣದಲ್ಲಿ ಕಲಿಯುವವರಿಗಾಗಿ ಮಟ್ಟ ಮಟ್ಟವಾಗಿ ಬರೆದ ಪುಟ್ಟ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಸೊನ್ನೆ ಮಟ್ಟದ್ದರಲ್ಲಿ ಪುಟಕ್ಕೆ ಒಂದೆರಡು ಸಾಲು, ಉಳಿದದ್ದು ಚಿತ್ರ, ಕಂಜಿಯ ಜೊತೆ ಉಚ್ಚಾರ ಹಿರಗನದಲ್ಲಿ ಕೊಟ್ಟಿರುತ್ತಾರೆ. ಹಿರಗನ ಕಲಿತ ಎರಡನೇ ತಿಂಗಳಿಗೇ ತೆರೆಯಬಹುದು. ಅವರ ಸಲಹೆ ಹೀಗಿದೆ: ಸುಲಭದ್ದರಿಂದ ಶುರು ಮಾಡಿ, ನಿಘಂಟು ತೆಗೆಯಬೇಡಿ, ಗೊತ್ತಾಗದ್ದನ್ನು ದಾಟಿ ಹೋಗಿ, ಬೇಸರವಾದರೆ ಆ ಪುಸ್ತಕ ಬಿಟ್ಟು ಬೇರೆ ಹಿಡಿಯಿರಿ.

ಓದುತ್ತಾ ಹೋದರೆ ಅನುಕರಣ ಪದಗಳು ಬಹಳ ಸಿಗುತ್ತವೆ, ಇಂಗ್ಲಿಷ್ ಅರ್ಥ ಹುಡುಕಿದರೆ ಬಣ್ಣ ಬಿಟ್ಟ ಬಟ್ಟೆಯ ಹಾಗೆ ಕಾಣುತ್ತವೆ. ಎದೆ ಢವಢವ ಅನ್ನುವುದು 'ದೊಕಿದೊಕಿ'. ಮೆಲ್ಲಗೆ ಜಿಟಿಜಿಟಿ ಮಳೆಗೆ 'ಶಿತೊಶಿತೊ'. ಕಳೆದ ಆಷಾಢದಲ್ಲಿ ಬಸ್ಸು ಮೂಲ್ಕಿಯ ಶಾಂಭವಿ ಸೇತುವೆ ದಾಟುವಾಗ ಓದುತ್ತಿದ್ದ ಪುಸ್ತಕದಲ್ಲಿ ಮಳೆ 'ಜಾಜಾ' ಅಂತ ಬಂತು. ಆ ಪದವನ್ನು ನಾನು ಎಲ್ಲೂ ಕಲಿತಿರಲಿಲ್ಲ. ಕಿಟಕಿಯ ಶಟರ್ ಎಳೆದುಕೊಂಡು ಪುಟ ಮಗುಚಿದೆ.